ಸೂರ್ಯನನ್ನ ಚಂದ್ರ ಅನ್ನು ಅಂದ್ರೆ ಅನ್ನಬೇಕಾ?

ಗಯ್ಯಾಳಿ, ಬಜಾರಿ, ಘಟವಾಣಿ, ಗಂಡುಬೀರಿ. ಜೋರಾಗಿ ಮಾತಾಡುವ ಹೆಣ್ಣಿಗೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಇವಕ್ಕೆಲ್ಲ ಪುಲ್ಲಿಂಗ ಹುಡುಕಿ ನೋಡಿ, ಸುಲಭಕ್ಕೆ ಸಿಗಲ್ಲ. ಅಷ್ಟೇ ಜೋರಾಗಿ ಮಾತಾಡುವ ಗಂಡಸನ್ನ ನಾವು 'ಖಡಕ್ ಮನುಷ್ಯ' ಅಂತೀವಿ, 'ಇದ್ದದ್ದನ್ನ ಇದ್ದ ಹಾಗೆ ಹೇಳೋನು' ಅಂತೀವಿ. ಗಂಡನ ಮಾತು ಕೇಳುವ ಹೆಂಡತಿ ಪತಿವ್ರತೆ. ಹೆಂಡತಿಯ ಮಾತು ಕೇಳುವ ಗಂಡ? ಅವನು 'ಅಮ್ಮಾವ್ರ ಗಂಡ'. ಆ ಹೆಸರಲ್ಲಿ ಕೈಲಾಸಂ ನಾಟಕ ಬರೆದರು, 1997ರಲ್ಲಿ ಶಿವಣ್ಣನ ಸಿನಿಮಾ ಕೂಡ ಬಂತು. ಕಥೆ ಗೊತ್ತಿಲ್ಲದವರಿಗೂ ಹೆಸರು ಕೇಳಿದ ಕೂಡಲೇ ನಗು ಬರುತ್ತೆ. ಯಾಕೆ ಬರುತ್ತೆ ಅಂತ ಯಾರೂ ವಿವರಿಸಬೇಕಾಗಿಲ್ಲ.

ಈ ನಗು ನಮ್ಮೊಬ್ಬರದೇ ಅಲ್ಲ. ಸುಮಾರು 430 ವರ್ಷಗಳ ಹಿಂದೆ ಲಂಡನ್ನಿನ ರಂಗಮಂದಿರಗಳಲ್ಲೂ ಜನ ಇದಕ್ಕೇ ನಕ್ಕಿದ್ದರು. 1590ರ ದಶಕದ ಆರಂಭದಲ್ಲಿ ಶೇಕ್ಸ್‌ಪಿಯರ್ ಬರೆದ 'ದ ಟೇಮಿಂಗ್ ಆಫ್ ದ ಶ್ರೂ' ಎಂಬ ಕಾಮಿಡಿಯ ಹೆಸರಿಗೆ ಅರ್ಥ 'ಗಯ್ಯಾಳಿಯನ್ನು ಪಳಗಿಸುವುದು'. ನೀವು ಈ ನಾಟಕ ಓದಿಲ್ಲದೇ ಇರಬಹುದು, ಆದರೆ ಕಥೆ ಗೊತ್ತಿರುತ್ತೆ. ಇದನ್ನ ಪರ್ವತವಾಣಿಯವರು ಕನ್ನಡ ರಂಗಭೂಮಿಗೆ 'ಬಹದ್ದೂರ್ ಗಂಡ' ಅಂತ ತಂದರು. ಅದೇ ಬೇರಿನಿಂದ 1989ರಲ್ಲಿ ರಾಘವೇಂದ್ರ ರಾಜ್‌ಕುಮಾರ್, ಮಾಲಾಶ್ರೀ ನಟಿಸಿದ 'ನಂಜುಂಡಿ ಕಲ್ಯಾಣ' ಬಂತು. ಟೀವಿಯಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಸೊಕ್ಕಿನ ಹುಡುಗಿ, ಅವಳನ್ನು 'ದಾರಿಗೆ ತರುವ' ಗಂಡ. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಒಟ್ಟಿಗೆ ಕೂತು ನೋಡಿ ನಗುವ ಸಿನಿಮಾ. ನಾವೂ ನಕ್ಕಿದ್ದೇವೆ.

ನಗಬಾರದಿತ್ತು ಅಂತ ಹೇಳೋಕೆ ಈ ಲೇಖನ ಅಲ್ಲ. ನಗುವಾಗ ವೇದಿಕೆ ಮೇಲೆ ನಿಜವಾಗಿ ಏನು ನಡೀತಿದೆ ಅಂತ ಒಮ್ಮೆ ಬಿಚ್ಚಿ ನೋಡೋಣ ಅಂತ. ಎಂಜಿನಿಯರಿಂಗ್ ಓದುವವರು ನಾವು, ಕೆಲಸ ಮಾಡ್ತಿರೋ ಮೆಷಿನ್ನನ್ನೂ ಬಿಚ್ಚಿ ನೋಡುವ ಚಟ ನಮಗಿರುತ್ತೆ.

ಮೊದಲು ಕಥೆ. ಇಟಲಿಯ ಪಡುವಾ ನಗರದಲ್ಲಿ ಬ್ಯಾಪ್ಟಿಸ್ಟಾ ಎಂಬ ಶ್ರೀಮಂತನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕ್ಯಾಥರಿನಾ, ಬಾಯಿ ಜೋರು. ಚಿಕ್ಕವಳು ಬಿಯಾಂಕಾ, ಮೆತ್ತಗಿನ ಹುಡುಗಿ, ಹಿಂದೆ ಬಿದ್ದವರ ಸಾಲೇ ಇದೆ. ದೊಡ್ಡವಳ ಮದುವೆ ಆಗುವ ತನಕ ಚಿಕ್ಕವಳನ್ನು ಕೊಡಲ್ಲ ಅಂತ ಅಪ್ಪನ ಹಟ. ಇದು ನಮ್ಮ ಮನೆಗಳಲ್ಲೂ ಕೇಳುವ ಮಾತೇ. ಆಗ ವೆರೋನಾದಿಂದ ಪೆಟ್ರೂಕಿಯೋ ಬರ್ತಾನೆ. ದುಡ್ಡಿರುವ ಹೆಣ್ಣನ್ನು ಮದುವೆಯಾಗೋಕೇ ಪಡುವಾಗೆ ಬಂದಿದ್ದೇನೆ, ಹುಡುಗಿ ಹೇಗಿದ್ದರೂ ಪರವಾಗಿಲ್ಲ ಅಂತ ಮುಚ್ಚುಮರೆ ಇಲ್ಲದೆ ಹೇಳ್ತಾನೆ. ಬ್ಯಾಪ್ಟಿಸ್ಟಾ ಕೊಡುವ ವರದಕ್ಷಿಣೆ 20,000 ಕ್ರೌನ್, ಅವನು ಸತ್ತ ಮೇಲೆ ಜಮೀನಿನಲ್ಲಿ ಅರ್ಧ. ಹುಡುಗಿಯನ್ನು ನೋಡುವ ಮುಂಚೆಯೇ ವ್ಯವಹಾರ ಕುದುರುತ್ತೆ.

ಚಿಕ್ಕವಳದ್ದೂ ಬೇರೆ ಕಥೆಯಲ್ಲ. ಯಾರು ಹೆಚ್ಚು ಆಸ್ತಿ ತೋರಿಸ್ತಾರೋ ಅವರಿಗೆ ಬಿಯಾಂಕಾ ಅಂತ ಅಪ್ಪ ಬಹಿರಂಗವಾಗೇ ಹರಾಜು ಕೂಗ್ತಾನೆ. ಒಬ್ಬ ಮನೆ, ಬೆಳ್ಳಿ, ದನಕರು ಲೆಕ್ಕ ಹೇಳ್ತಾನೆ. ಇನ್ನೊಬ್ಬ ಹಡಗುಗಳ ಲೆಕ್ಕ ಹೇಳಿ ಗೆಲ್ಲುತ್ತಾನೆ. ಅಂದರೆ ಬಾಯಿ ಜೋರಿನ ಮಗಳಾದರೂ ಅಷ್ಟೇ, ಮೆತ್ತಗಿನ ಮಗಳಾದರೂ ಅಷ್ಟೇ, ಈ ಮನೆಯಲ್ಲಿ ಇಬ್ಬರೂ ಸರಕು. ಕ್ಯಾಥರಿನಾಳ ಸಿಟ್ಟಿಗೆ ಕಾರಣ ಏನಿರಬಹುದು ಅಂತ ಪಡುವಾದಲ್ಲಿ ಯಾರೂ ಕೇಳಲ್ಲ. ನಾಟಕದ ಮೊದಲ ಅಂಕದಲ್ಲೇ, ಇಂಥವರ ನಡುವೆ ನನ್ನನ್ನು ನಗೆಪಾಟಲು ಮಾಡ್ತೀಯಾ ಅಂತ ಅವಳು ಅಪ್ಪನನ್ನು ಕೇಳ್ತಾಳೆ. ಅಪ್ಪನ ಹತ್ತಿರ ಉತ್ತರ ಇಲ್ಲ.

ಕ್ಯಾಥರಿನಾ ಸಾಧ್ವಿಯೇನೂ ಅಲ್ಲ. ತಂಗಿಯ ಕೈ ಕಟ್ಟಿ ಹೊಡೀತಾಳೆ, ಸಂಗೀತದ ಮೇಷ್ಟ್ರ ವೇಷದಲ್ಲಿ ಬಂದವನ ತಲೆ ಮೇಲೆ ಅವನ ವಾದ್ಯವನ್ನೇ ಒಡೀತಾಳೆ, ಪೆಟ್ರೂಕಿಯೋಗೂ ಒಂದು ಬಿಡ್ತಾಳೆ. 'ಅವನೆಲ್ಲಿ ಅವಳಿಗೆ ಹೊಡೆದಿದ್ದಾನೆ? ಹೊಡೆದವಳು ಅವಳೇ' ಅಂತ ನಾಟಕದ ಪರ ವಾದಿಸುವವರು ಹೇಳೋದುಂಟು. ನಿಜ, ಅವನು ಅವಳ ಮೇಲೆ ಕೈ ಮಾಡಲ್ಲ. ಕೈ ಮಾಡೋ ಅಗತ್ಯವೇ ಅವನಿಗೆ ಬೀಳಲ್ಲ.

ಅವನು ಮಾಡುವುದು ಇದು. ಅವಳು ಮದುವೆಗೆ ಒಪ್ಪಿಲ್ಲ, ಅದಕ್ಕಿಂತ ನೀನು ನೇಣು ಹಾಕಿಕೊಳ್ಳೋದನ್ನ ನೋಡ್ತೀನಿ ಅಂತಾಳೆ. ಅವನು ಎಲ್ಲರ ಮುಂದೆ, ನಾವಿಬ್ಬರೇ ಇದ್ದಾಗ ಅವಳು ನನ್ನ ಮೇಲೆ ಪ್ರಾಣ ಬಿಡ್ತಾಳೆ, ಜನರ ಎದುರು ಮಾತ್ರ ಹೀಗೆ ಬೈಯಬೇಕು ಅಂತ ನಾವೇ ಮಾತಾಡಿಕೊಂಡಿದ್ದೇವೆ ಅಂತ ಸುಳ್ಳು ಹೇಳ್ತಾನೆ. ಈಗ ಅವಳು 'ಇಲ್ಲ' ಅಂದಷ್ಟೂ ಅದು 'ಹೌದು' ಆಗುತ್ತೆ. ಅಪ್ಪ ಕೈ ಹಿಡಿಸಿ ಮದುವೆ ಗೊತ್ತು ಮಾಡ್ತಾನೆ. ಆ ದೃಶ್ಯ ಮುಗಿಯುವ ತನಕ ಅವಳಿಗೆ ಮತ್ತೊಂದು ಮಾತಿಲ್ಲ. ಊರಿಗೇ ಬಾಯಿಬಡುಕಿ ಅನ್ನಿಸಿಕೊಂಡ ಹುಡುಗಿಗೆ ಅವಳದೇ ಮದುವೆ ನಿಶ್ಚಯವಾಗುವಾಗ ಒಂದು ಸಾಲು ಸಂಭಾಷಣೆ ಇಲ್ಲ.

ಮದುವೆ ದಿನ ತಡವಾಗಿ, ಹರಕು ಬಟ್ಟೆಯಲ್ಲಿ ಬರ್ತಾನೆ. ಊಟಕ್ಕೂ ನಿಲ್ಲದೆ ಅವಳನ್ನ ಎಳ್ಕೊಂಡು ಹೊರಡ್ತಾನೆ. ಇವಳು ನನ್ನ ಸೊತ್ತು, ನನ್ನ ಮನೆ, ಹೊಲ, ಕಣಜ, ಕುದುರೆ, ಎತ್ತು, ಕತ್ತೆ ಅಂತ ಪಟ್ಟಿ ಓದ್ತಾನೆ. ಮನೆಗೆ ಹೋದ ಮೇಲೆ ಬಡಿಸಿದ ಮಾಂಸ ಸೀದು ಹೋಗಿದೆ, ನಿನ್ನ ಆರೋಗ್ಯಕ್ಕೆ ಒಳ್ಳೇದಲ್ಲ ಅಂತ ಎಸೀತಾನೆ. ಹಾಸಿಗೆ ಸರಿಯಿಲ್ಲ ಅಂತ ರಾತ್ರಿಯೆಲ್ಲ ಗಲಾಟೆ ಮಾಡಿ ನಿದ್ದೆ ಕೆಡಿಸ್ತಾನೆ. ಹೊಸ ಟೋಪಿ, ಗೌನು ತರಿಸಿ, ಅವಳು ಇಷ್ಟಪಟ್ಟ ಮೇಲೆ, ಚೆನ್ನಾಗಿಲ್ಲ ಅಂತ ವಾಪಸ್ ಕಳಿಸ್ತಾನೆ. ಎಲ್ಲವೂ ಅವಳ ಮೇಲಿನ ಅಕ್ಕರೆಯ ಹೆಸರಿನಲ್ಲೇ.

ಇದು ಅವನ ಹುಚ್ಚಾಟ ಅಂದುಕೊಳ್ಳೋ ಹಾಗಿಲ್ಲ, ಯಾಕಂದ್ರೆ ಪೆಟ್ರೂಕಿಯೋ ಒಬ್ಬನೇ ನಿಂತು ಪ್ರೇಕ್ಷಕರಿಗೆ ತನ್ನ ವಿಧಾನ ವಿವರಿಸ್ತಾನೆ. ಬೇಟೆಯ ಗಿಡುಗವನ್ನು ಪಳಗಿಸುವಾಗ ಹೊಟ್ಟೆಗೆ ಹಾಕಬಾರದು, ಮಲಗಲು ಬಿಡಬಾರದು. ಹಸಿದ ಹಕ್ಕಿ ಯಜಮಾನ ಕರೆದಾಗ ಬರುತ್ತೆ. ಇವಳಿಗೂ ಅದೇ ಮಾಡ್ತಿದ್ದೇನೆ ಅಂತ. ಪಳಗಿಸೋದು ಅಂದ ಕೂಡಲೇ ನಮಗೆ ನೆನಪಾಗೋದು ಸಕ್ರೆಬೈಲು, ದುಬಾರೆಯ ಆನೆಗಳು, ಅವುಗಳನ್ನು ಕೂಡಿ ಹಾಕುವ ದಪ್ಪ ಮರದ ಕ್ರಾಲು. ಆನೆಗೆ ಮಾಡೋದನ್ನ ನೋಡಿದರೂ ಮನಸ್ಸು ಕಸಿವಿಸಿ ಆಗುತ್ತೆ. ಇಲ್ಲಿ ಕ್ರಾಲಿನ ಒಳಗಿರೋದು ಹೊಸ ಮದುಮಗಳು, ಮತ್ತೆ ಇದು ಕಾಮಿಡಿ.

ಇಷ್ಟಾದರೂ ನಮ್ಮನ್ನ ಹೆಚ್ಚು ಕಾಡಿದ್ದು ಊಟ, ನಿದ್ದೆ ಅಲ್ಲ. ತವರಿಗೆ ಹೊರಡುವಾಗ ಪೆಟ್ರೂಕಿಯೋ ಈಗ ಗಂಟೆ ಏಳು ಅಂತಾನೆ. ಅವಳು, ಹತ್ತಿರ ಹತ್ತಿರ ಎರಡಾಗಿದೆ ಅಂತಾಳೆ. ನಾನು ಎಷ್ಟು ಅಂತೀನೋ ಅಷ್ಟೇ ಗಂಟೆ, ಇಲ್ಲದಿದ್ದರೆ ಹೊರಡೋದೇ ಇಲ್ಲ ಅಂತ ಪ್ರಯಾಣ ನಿಲ್ಲಿಸ್ತಾನೆ. ಮುಂದೆ ದಾರಿಯಲ್ಲಿ ನಡುಹಗಲು ಸೂರ್ಯನನ್ನು ತೋರಿಸಿ ಚಂದ್ರ ಎಷ್ಟು ಚೆನ್ನಾಗಿದ್ದಾನೆ ಅಂತಾನೆ. ಅದು ಸೂರ್ಯ ಅಂತಾಳೆ. ಹಾಗಾದರೆ ಕುದುರೆ ವಾಪಸ್ ತಿರುಗಿಸಿ! ಕೊನೆಗೆ ಅವಳು, ಸೂರ್ಯನೋ ಚಂದ್ರನೋ ಮೇಣದ ಬತ್ತಿಯೋ, ನೀನು ಏನಂತೀಯೋ ಅದೇ ನನಗೂ ಅಂತ ಒಪ್ಪಿಕೊಳ್ತಾಳೆ. ಎದುರಿಗೆ ಬಂದ ಮುದುಕನನ್ನು ಅವನು ಹರೆಯದ ಹುಡುಗಿ ಅಂದರೆ ಅವಳೂ ಹುಡುಗಿ ಅಂತ ಹೊಗಳ್ತಾಳೆ.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಲ್ಯಾಬಿನಲ್ಲಿ ಮೀಟರ್ ತೋರಿಸುವ ರೀಡಿಂಗ್ ಬಿಟ್ಟು ನಾನು ಹೇಳಿದ ರೀಡಿಂಗ್ ಬರಿ ಅಂದ ಹಾಗೆ. ಒಂದು ಸಲ ಬರೆದರೆ ರೆಕಾರ್ಡ್ ಮಾತ್ರ ಸುಳ್ಳು. ದಿನಾ ಬರೆದರೆ ಮೀಟರ್ ಕಡೆ ನೋಡೋದನ್ನೇ ಬಿಡ್ತೀವಿ. ಪೆಟ್ರೂಕಿಯೋ ಪಳಗಿಸಿದ್ದು ಕ್ಯಾಥರಿನಾಳ ಸಿಟ್ಟನ್ನಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವ ಅವಳ ಹಕ್ಕನ್ನು. ನಮ್ಮ ಪ್ರಕಾರ ಈ ನಾಟಕದಲ್ಲಿ ಮದುವೆಯೊಳಗಿನ ಅಧಿಕಾರ ಅಂದರೆ ಇದೇ. ಯಾರು ಅಡುಗೆ ಮಾಡ್ತಾರೆ, ಯಾರು ದುಡೀತಾರೆ ಅನ್ನೋದು ಆಮೇಲೆ. ಈಗ ಗಂಟೆ ಎಷ್ಟು ಅಂತ ಯಾರು ತೀರ್ಮಾನ ಮಾಡ್ತಾರೆ ಅನ್ನೋದು ಮೊದಲು.

ಕೊನೆಯ ದೃಶ್ಯ ಒಂದು ಬಾಜಿ. ಮೂವರು ಹೊಸ ಗಂಡಂದಿರು, ಯಾರ ಹೆಂಡತಿ ಕರೆದ ಕೂಡಲೇ ಬರ್ತಾಳೆ ಅಂತ. ಮೊದಲು 20 ಕ್ರೌನ್ ಅಂದಾಗ ಪೆಟ್ರೂಕಿಯೋ ನಗ್ತಾನೆ: ಅಷ್ಟನ್ನ ನನ್ನ ಗಿಡುಗದ ಮೇಲೆ, ನಾಯಿ ಮೇಲೆ ಕಟ್ತೀನಿ, ಹೆಂಡತಿ ಮೇಲೆ ಅದರ ಇಪ್ಪತ್ತು ಪಟ್ಟು ಕಟ್ಟಬಹುದು ಅಂತ. ಬಾಜಿ 100ಕ್ಕೆ ಏರುತ್ತೆ. ಮೆತ್ತಗಿನ ಬಿಯಾಂಕಾ ಬರಲ್ಲ, ಹಾರ್ಟೆನ್ಸಿಯೋ ಕಟ್ಟಿಕೊಂಡ ವಿಧವೆ ಬರಲ್ಲ, ಕ್ಯಾಥರಿನಾ ಬರ್ತಾಳೆ. ಬಂದು 44 ಸಾಲಿನ ಭಾಷಣ ಮಾಡ್ತಾಳೆ. ನಾಟಕದಲ್ಲೇ ಅತಿ ಉದ್ದದ ಮಾತು ಅದು. ಗಂಡ ದೊರೆ, ಅವನು ನೆಲದಲ್ಲಿ ನೀರಿನಲ್ಲಿ ದುಡಿದು ಬರ್ತಾನೆ, ನಾವು ಮನೆಯಲ್ಲಿ ಬೆಚ್ಚಗೆ ಸುರಕ್ಷಿತವಾಗಿ ಇರ್ತೀವಿ, ಅವನ ಕಾಲಡಿಗೆ ಕೈ ಇಡಬೇಕು ಅಂತ.

ಈ ಭಾಷಣವನ್ನು ನಾಟಕದ ಉಳಿದ ಭಾಗದ ಪಕ್ಕ ಇಟ್ಟು ನೋಡಿ. ಯಾವ ಗಂಡ ದುಡಿದು ಬಂದ? ಪೆಟ್ರೂಕಿಯೋಗೆ ನಾವು ಕಂಡಂತೆ ಬಂದ ದುಡ್ಡೆಲ್ಲ ಮದುವೆಯಿಂದ ಬಂದದ್ದು. ಯಾವ ಮನೆಯಲ್ಲಿ ಅವಳು ಬೆಚ್ಚಗೆ ಮಲಗಿದಳು? ಅವನ ಮನೆಯಲ್ಲಿ ಅವಳಿಗೆ ನಿದ್ದೆಯೇ ಇರಲಿಲ್ಲ. ಅವಳು ಮತ್ತೊಮ್ಮೆ ಸೂರ್ಯನನ್ನು ಚಂದ್ರ ಅಂತಿದ್ದಾಳೆ. ಭಾಷಣಕ್ಕೆ ಮುಂಚೆಯೇ ಖುಷಿಯಾದ ಅಪ್ಪ, ಇವಳು ಬೇರೆಯೇ ಮಗಳಾಗಿಬಿಟ್ಟಳು ಅಂತ ಇನ್ನೂ 20,000 ಕ್ರೌನ್ ವರದಕ್ಷಿಣೆ ಘೋಷಿಸ್ತಾನೆ. ಆ ದುಡ್ಡೂ ಅಳಿಯನಿಗೆ.

ಇಷ್ಟು ಹೇಳಿದರೆ ಸಾಮಾನ್ಯವಾಗಿ ಮೂರು ಉತ್ತರ ಬರುತ್ತೆ. ಮೂರೂ ತೂಕದವೇ, ಹಾಗಾಗಿ ಒಂದೊಂದಾಗಿ ನೋಡೋಣ.

ಮೊದಲನೆಯದು: 'ಆ ಕಾಲವೇ ಹಾಗಿತ್ತು.' ಹೌದು, ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಕೈ ಸೇರುತ್ತಿತ್ತು. 1870 ಮತ್ತು 1882ರ ಕಾಯ್ದೆಗಳು ಬರುವ ತನಕ ಅದು ಸರಿಯಾಗಲಿಲ್ಲ. ಬಾಯಿ ಜೋರಿನ ಹೆಂಗಸರನ್ನು ಕುರ್ಚಿಗೆ ಕಟ್ಟಿ ನೀರಿನಲ್ಲಿ ಮುಳುಗಿಸುವ ಶಿಕ್ಷೆಯೂ ಇತ್ತು. ಆದರೆ ಆ ಕಾಲದವರೆಲ್ಲ ತಲೆಯಾಡಿಸಿದರು ಅನ್ನೋದು ಸುಳ್ಳು. ಸುಮಾರು 1611ರಲ್ಲಿ, ಶೇಕ್ಸ್‌ಪಿಯರ್ ಬದುಕಿದ್ದಾಗಲೇ, ಜಾನ್ ಫ್ಲೆಚರ್ ಇದಕ್ಕೆ ಮುಂದಿನ ಭಾಗ ಬರೆದ. ಅದರಲ್ಲಿ ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ಪೆಟ್ರೂಕಿಯೋ ಮರಿಯಾಳನ್ನು ಮದುವೆಯಾಗ್ತಾನೆ. ಅವಳು ಮೊದಲ ರಾತ್ರಿಯೇ ಬಾಗಿಲು ಹಾಕಿಕೊಂಡು, ಗೆಳತಿಯರನ್ನು ಕೂಡಿಸಿ, ತನ್ನ ಷರತ್ತು ಒಪ್ಪುವ ತನಕ ಅವನನ್ನು ಹೊರಗೆ ನಿಲ್ಲಿಸ್ತಾಳೆ. ಹೆಸರೇ 'ಪಳಗಿಸಿದವನು ಪಳಗಿದ' ಅನ್ನೋ ಅರ್ಥದ್ದು. 1633ರಲ್ಲಿ ಚಾರ್ಲ್ಸ್ ರಾಜನ ಅರಮನೆಯಲ್ಲಿ ಎರಡೂ ನಾಟಕ ಕೆಲವೇ ದಿನಗಳ ಅಂತರದಲ್ಲಿ ನಡೆದವು. ಶೇಕ್ಸ್‌ಪಿಯರನದು ಮೆಚ್ಚುಗೆಯಾಯಿತು, ಫ್ಲೆಚರನದು ಬಹಳ ಮೆಚ್ಚುಗೆಯಾಯಿತು ಅಂತ ಅಲ್ಲಿನ ಅಧಿಕಾರಿ ಬರೆದಿಟ್ಟಿದ್ದಾನೆ. ಅಂದರೆ ಆ ಕಾಲಕ್ಕೂ ಇನ್ನೊಂದು ನಗು ಗೊತ್ತಿತ್ತು.

ಎರಡನೆಯದು: 'ಇದು ವ್ಯಂಗ್ಯ, ನಿಮಗೆ ಅರ್ಥವಾಗಿಲ್ಲ.' ಇದಕ್ಕೂ ಆಧಾರ ಇದೆ. ನಾಟಕ ಶುರುವಾಗೋದು ಕ್ರಿಸ್ಟಫರ್ ಸ್ಲೈ ಎಂಬ ಕುಡುಕನಿಂದ. ನಿದ್ದೆಯಲ್ಲಿದ್ದ ಅವನನ್ನು ಒಬ್ಬ ಶ್ರೀಮಂತ ಹೊತ್ತು ತಂದು, ನೀನೇ ದೊರೆ ಅಂತ ನಂಬಿಸಿ, ಹುಡುಗನೊಬ್ಬನಿಗೆ ಸೀರೆ ಉಡಿಸಿದ ಹಾಗೆ ಹೆಣ್ಣುವೇಷ ಹಾಕಿ, ಇವಳೇ ನಿನ್ನ ಹೆಂಡತಿ ಅಂತಾನೆ. ಕ್ಯಾಥರಿನಾಳ ಕಥೆ ಆ ಕುಡುಕನಿಗೆ ತೋರಿಸುವ ನಾಟಕ. ಗಂಡ, ಹೆಂಡತಿ, ಯಜಮಾನ ಎಲ್ಲವೂ ವೇಷ ಅನ್ನೋ ಸೂಚನೆ ಅಲ್ಲಿದೆ. ಆ ಕಾಲದಲ್ಲಿ ಕ್ಯಾಥರಿನಾಳ ಪಾತ್ರವನ್ನೂ ಹುಡುಗನೇ ಮಾಡುತ್ತಿದ್ದ. 1929ರ ಸಿನಿಮಾದಲ್ಲಿ ಮೇರಿ ಪಿಕ್‌ಫರ್ಡ್ ಕೊನೆಯ ಭಾಷಣದ ನಡುವೆ ಕಣ್ಣು ಹೊಡೆದು, ಇದೆಲ್ಲ ನಾಟಕ ಕಣ್ರೀ ಅಂತ ಸೂಚಿಸಿದಳು. 2019ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಗಂಡು ಹೆಣ್ಣು ಪಾತ್ರಗಳನ್ನೇ ಅದಲುಬದಲು ಮಾಡಿ ಆಡಿತು. ಚೆನ್ನಾದ ಉಪಾಯಗಳೇ. ಆದರೆ ನಮಗೆ ಒಂದು ಸಂಶಯ. ಕಣ್ಣು ಹೊಡೆದರೆ ಅವಳು ಹಸಿದದ್ದು ಸುಳ್ಳಾಗುತ್ತಾ? ಬದುಕಿ ಉಳಿಯೋಕೆ ಒಪ್ಪಿದ ಹಾಗೆ ನಟಿಸೋದು ಜಾಣತನ ಇರಬಹುದು. ಅದನ್ನ ಸ್ವಾತಂತ್ರ್ಯ ಅನ್ನೋಕಾಗಲ್ಲ.

ಮೂರನೆಯದು: 'ಕಾಮಿಡಿ ಅಂದ್ರೆ ಹೀಗೇ ಗುರೂ, ಸೀರಿಯಸ್ ಆಗಬೇಡ.' ಇದಕ್ಕೆ ಉತ್ತರ ಶೇಕ್ಸ್‌ಪಿಯರನ ಹತ್ತಿರವೇ ಇದೆ. ಕೆಲವೇ ವರ್ಷಗಳ ಮೇಲೆ, 1598ರ ಆಸುಪಾಸಿನಲ್ಲಿ, ಅವನು 'ಮಚ್ ಅಡೂ ಅಬೌಟ್ ನಥಿಂಗ್' ಬರೆದ. ಅಲ್ಲಿನ ಬಿಯಾಟ್ರಿಸ್ ಕೂಡ ಬಾಯಿ ಜೋರಿನವಳೇ, ಬೆನೆಡಿಕ್ ಜೊತೆ ಸದಾ ಜಗಳ. ನಗುವೂ ಇದಕ್ಕಿಂತ ಹೆಚ್ಚು. ಆದರೆ ಕಥೆಯ ನಡುವೆ ಬಿಯಾಟ್ರಿಸ್‌ಳ ಸೋದರ ಸಂಬಂಧಿ ಹೀರೋ ಮೇಲೆ ಮದುವೆ ಮಂಟಪದಲ್ಲೇ ಸುಳ್ಳು ಅಪವಾದ ಬರುತ್ತೆ. ಮದುವೆ ಗಂಡು, ಅವನ ದೊರೆ, ಹುಡುಗಿಯ ಸ್ವಂತ ಅಪ್ಪ, ಎಲ್ಲರೂ ನಂಬಿಬಿಡ್ತಾರೆ. ಆದರೆ ಬಿಯಾಟ್ರಿಸ್ ಇದು ಸುಳ್ಳು ಅಂತಾಳೆ. ಸಾಕ್ಷಿ ಇಲ್ಲ. ಬೆನೆಡಿಕ್ ಅವಳನ್ನು ಕೇಳೋದು ಒಂದೇ ಪ್ರಶ್ನೆ: ನಿನ್ನ ಮನಸ್ಸಾರೆ ಹೀಗೆ ನಂಬ್ತೀಯಾ? ಅವಳು ಹೌದು ಅಂತಾಳೆ. ಅವನಿಗೆ ಅಷ್ಟು ಸಾಕು. ತನ್ನ ಆಪ್ತ ಗೆಳೆಯನಿಗೇ ಸವಾಲು ಹಾಕೋಕೆ ಹೊರಡ್ತಾನೆ.

ಒಂದೇ ಲೇಖಕ, ಎರಡು ಕಾಮಿಡಿ, ಇಬ್ಬರು ಜೋರಿನ ಹುಡುಗಿಯರು. ಒಬ್ಬ ಗಂಡು ಅವಳ ಮಾತನ್ನು ನಂಬ್ತಾನೆ, ಇನ್ನೊಬ್ಬ ಅವಳು ಮಾತು ಬದಲಿಸುವ ತನಕ ಊಟ ಕೊಡಲ್ಲ. ಹಾಗಾಗಿ ಕಾಮಿಡಿಗೆ ಪಳಗಿಸೋದು ಬೇಕೇ ಬೇಕು ಅನ್ನೋ ವಾದ ನಿಲ್ಲಲ್ಲ.

'ಇದು ಹಳೇ ನಾಟಕ, ಈಗ ಯಾರು ಹೆಂಡತಿಗೆ ಊಟ ಕೊಡದೆ ಇರ್ತಾರೆ' ಅಂತ ಕೇಳಬಹುದು. ಕಾನೂನು ಪುಸ್ತಕ ತೆಗೆದು ನೋಡಿ. ಭಾರತದ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೊಡೆತವನ್ನಷ್ಟೇ ದೌರ್ಜನ್ಯ ಅನ್ನಲ್ಲ. ಮಾತಿನಿಂದ, ಮನಸ್ಸಿಗೆ ಮಾಡುವ ಹಿಂಸೆಯನ್ನೂ, ದುಡ್ಡು ಮತ್ತು ಅಗತ್ಯ ವಸ್ತುಗಳನ್ನು ತಡೆಹಿಡಿಯುವುದನ್ನೂ ಸೇರಿಸುತ್ತೆ. ಈ ನಾಟಕ ಹುಟ್ಟಿದ ಇಂಗ್ಲೆಂಡಿನಲ್ಲಿ 2015ರಿಂದ ಸಂಗಾತಿಯನ್ನು ಹತೋಟಿಯಲ್ಲಿಟ್ಟು ಬಲವಂತಪಡಿಸುವ ನಡವಳಿಕೆಯೇ ಒಂದು ಅಪರಾಧ. ಪೆಟ್ರೂಕಿಯೋನ ಗಿಡುಗದ ಪಾಠ ಹಳೆಯದಾಗಿದ್ದರೆ ಈ ಕಾನೂನುಗಳು ಬೇಕಾಗುತ್ತಿರಲಿಲ್ಲ.

ನಮ್ಮ ಕ್ಯಾಂಪಸ್ಸಿಗೂ ಇದು ದೂರದ ಮಾತಲ್ಲ. ಫೆಸ್ಟಿನಲ್ಲಿ ನಾವು ಮಾಡುವ ಸ್ಕಿಟ್‌ಗಳನ್ನೇ ನೋಡಿ. ಹೆಂಡತಿ ಪಾತ್ರಕ್ಕೆ ಹುಡುಗನೊಬ್ಬನಿಗೆ ಸೀರೆ ಉಡಿಸಿ, ಕೈಗೆ ಲಟ್ಟಣಿಗೆ ಕೊಟ್ಟರೆ ಅರ್ಧ ಚಪ್ಪಾಳೆ ಗ್ಯಾರಂಟಿ. ಗ್ರೂಪಿನಲ್ಲಿ ಮದುವೆ ಜೋಕುಗಳಿಗೆ ಬರವಿಲ್ಲ. ಅದೇ ನಮ್ಮ ಕ್ಲಾಸಿನ ಹುಡುಗಿ, ಸಿಜಿಪಿಎ ಒಂಬತ್ತು ಇರೋಳು, ಪ್ರಾಜೆಕ್ಟ್ ಮೀಟಿಂಗಿನಲ್ಲಿ ಈ ಸರ್ಕ್ಯೂಟ್ ಕೆಲಸ ಮಾಡಲ್ಲ ಅಂತ ಎರಡು ಸಲ ಹೇಳಿದರೆ 'ಏನ್ ಬಜಾರಿ ಮಾರಾಯಾ' ಅಂತ ಹಿಂದಿನಿಂದ ಗುಸುಗುಸು. ಸರ್ಕ್ಯೂಟ್ ನಿಜವಾಗಲೂ ಕೆಲಸ ಮಾಡಲ್ಲ, ಅದು ಬೇರೆ ವಿಷಯ. ಇನ್ನು ಕೆಲವೇ ವರ್ಷದಲ್ಲಿ ನಮ್ಮಲ್ಲಿ ಬಹಳಷ್ಟು ಜನ ಗಂಡ, ಹೆಂಡತಿ ಆಗಿರ್ತೀವಿ. ಯಾರ ಕೆಲಸಕ್ಕೋಸ್ಕರ ಯಾರು ಊರು ಬಿಡಬೇಕು, ಯಾರ ಸಂಬಳ ಯಾರ ಅಕೌಂಟಿಗೆ, 'ಸ್ವಲ್ಪ ಅಡ್ಜಸ್ಟ್ ಮಾಡ್ಕೋಮ್ಮಾ' ಅನ್ನೋ ಮಾತು ಯಾರಿಗೆ, ಎಲ್ಲ ಆಗ ತೀರ್ಮಾನ ಆಗುತ್ತೆ. ಏನನ್ನ ನೋಡಿ ನಗ್ತಾ ಬೆಳೆದೆವೋ ಅದು ಆ ಹೊತ್ತಿಗೆ ನಮಗೆ ಸಹಜ ಅನ್ನಿಸಿರುತ್ತೆ.

ಹಾಗಂತ ಈ ನಾಟಕವನ್ನ ಮುಚ್ಚಿಡಿ ಅನ್ನೋದು ನಮ್ಮ ಅಭಿಪ್ರಾಯ ಅಲ್ಲ. ಬರ್ನಾರ್ಡ್ ಶಾ 1897ರಲ್ಲೇ ಇದರ ಕೊನೆಯ ದೃಶ್ಯ ಇಂದಿನವರಿಗೆ ಅಸಹ್ಯ ಅಂತ ಬರೆದಿದ್ದ; ನಾಟಕ ಇಂದಿಗೂ ಆಡ್ತಾನೇ ಇದ್ದಾರೆ. ಆಡಲಿ. ನಾವೂ ಆಡೋಣ ಅಂತೀವಿ. ಆದರೆ ಕುಡುಕ ಸ್ಲೈನ ದೃಶ್ಯವನ್ನು ಕತ್ತರಿಸಬಾರದು, ನಾವು ನೋಡುತ್ತಿರೋದು ಕುಡುಕನೊಬ್ಬನಿಗೆ ಖುಷಿ ಕೊಡೋಕೆ ಕಟ್ಟಿದ ಆಟ ಅಂತ ಪ್ರೇಕ್ಷಕರಿಗೆ ನೆನಪಿರಬೇಕು. ಊಟ ಎಸೆಯುವ ದೃಶ್ಯದಲ್ಲಿ ನಗು ಬರಲಿ, ಆದರೆ ಅವಳ ಹಸಿವು ನಿಜ ಅನ್ನಿಸಬೇಕು. ಕೊನೆಯ ಭಾಷಣಕ್ಕೆ ಕಣ್ಣು ಹೊಡೆಯೋದೂ ಬೇಡ, ಕಣ್ಣೀರೂ ಬೇಡ. ಅವಳು ಮಾತಾಡಲಿ, ಆ 44 ಸಾಲು ಕೇಳುವಾಗ ಉಳಿದ ಹೆಂಗಸರ ಮುಖ ಕಾಣಿಸುವ ಹಾಗೆ ಲೈಟು ಇಡೋಣ. ಅದರ ಜೊತೆಗೇ, ಅದೇ ಸಂಜೆ, ಬಿಯಾಟ್ರಿಸ್ ಮತ್ತು ಬೆನೆಡಿಕ್‌ರ ಆ ಒಂದು ದೃಶ್ಯವನ್ನೂ ಆಡೋಣ. ನಾವು ಭಾಷಣ ಬಿಗಿಯುವ ಅಗತ್ಯ ಇರಲ್ಲ.

ಅಂದ ಹಾಗೆ, ಗಯ್ಯಾಳಿ ಅನ್ನೋ ಪದವನ್ನೇ ಇಟ್ಟುಕೊಂಡು ಬೇರೆ ಕಥೆ ಹೇಳಬಹುದು ಅಂತ ತೇಜಸ್ವಿಯವರು ಆಗಲೇ ತೋರಿಸಿಕೊಟ್ಟಿದ್ದಾರೆ. 'ಕಿರಗೂರಿನ ಗಯ್ಯಾಳಿಗಳು' ಓದಿ, ಇಲ್ಲವೇ 2016ರ ಸಿನಿಮಾ ನೋಡಿ. ಅಲ್ಲಿ ನಗು ಏನೂ ಕಡಿಮೆ ಇಲ್ಲ, ಆದರೆ ಯಾರೂ ಆ ಹೆಂಗಸರನ್ನ ಪಳಗಿಸೋಕೆ ಆಗಲ್ಲ.

ಮುಂದಿನ ಸಲ ಗಂಡ ಹೆಂಡತಿ ಕಾಮಿಡಿ ನೋಡುವಾಗ, ನಾಟಕವೋ ಸಿನಿಮಾವೋ ನಮ್ಮದೇ ಸ್ಕಿಟ್ಟೋ, ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಎಲ್ಲ ಸುಖವಾಗಿ ಮುಗಿಯೋಕೆ ಇಲ್ಲಿ ಯಾರು ತಾನು ಕಂಡದ್ದನ್ನ ಕಂಡಿಲ್ಲ ಅನ್ನಬೇಕಾಯ್ತು? ಉತ್ತರ 'ಯಾರೂ ಇಲ್ಲ' ಅಂತಾದರೆ ಹೊಟ್ಟೆ ತುಂಬ ನಗಿ. ನಾವೂ ಬರ್ತೀವಿ ಜೊತೆಗೆ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ಜಗಳ ಆಡೋಣ, ಯಾರನ್ನೂ ಪಳಗಿಸೋದು ಬೇಡ.